ಕುಸಿದ ಕೇಕಿನ ಗಿರಾಕಿ

ಈನಿಡ್ ಇದ್ದಾಗ ಅಕ್ಟೋಬರ್ ಬಂತೆಂದು ತಿಳಿಯಲು ನಮ್ಮ ಬೀದಿಗೆ ಕ್ಯಾಲೆಂಡರ್ ಬೇಕಿರಲಿಲ್ಲ. ಅವಳ ಅಡುಗೆಮನೆಯ ಕಿಟಕಿ ತೆರೆದರೆ ಸಾಕು, ಶುಂಠಿ, ದಾಲ್ಚಿನ್ನಿ, ಕಾಯಿಸಿದ ಕಪ್ಪು ಬೆಲ್ಲದ ಪಾಕದ ವಾಸನೆ ಇಳಿಜಾರು ಬೀದಿಯುದ್ದಕ್ಕೂ ಹರಿದು ಕಾಲುವೆಯ ದಂಡೆ ಮುಟ್ಟುತ್ತಿತ್ತು. ಶುಕ್ರವಾರವೆಲ್ಲ ಬೇಯಿಸಿ, ಶನಿವಾರ ಬೆಳಿಗ್ಗೆ ಚರ್ಚಿನ ಹಿಂದಿನ ಸಭಾಂಗಣದಲ್ಲಿ ಕಾಫಿ ಕೂಟ. ಬಂದವರು ಕಾಫಿ ಕುಡಿದು, ಕೇಕು ಕೊಂಡು, ಡಬ್ಬಿಗೆ ಕೈಲಾದಷ್ಟು ಹಾಕಿ ಹೋಗುವರು. ಬಂದ ದುಡ್ಡೆಲ್ಲ ಕ್ಯಾನ್ಸರ್ ಸಂಶೋಧನೆಯ ನಿಧಿಗೆ. ತಂಗಿ ಮೇವಿಸ್ ಆ ರೋಗದಲ್ಲಿ ತೀರಿಕೊಂಡ ವರ್ಷವೇ ಈನಿಡ್ ಇದನ್ನು ಹಿಡಿದಳು, ಮತ್ತೆ ಬಿಡಲಿಲ್ಲ.

ಯಾರ್ಕ್‌ಷೈರಿನ ಬಿಂಗ್ಲಿ ಊರಿನ ಈ ಬೀದಿಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಈನಿಡ್ ಆಕ್ರಾಯ್ಡ್‌ಳ ಅಡುಗೆಮನೆಗೂ ನನ್ನದಕ್ಕೂ ನಡುವೆ ಒಂದೇ ಗೋಡೆ, ಅದೂ ಹೆಸರಿಗೆ ಮಾತ್ರ ಗೋಡೆ. ಅವರ ಮನೆಯ ಮಾತನ್ನು ನಾನು ಕದ್ದು ಕೇಳಿದವಳಲ್ಲ. ಮಾತೇ ಗೋಡೆ ದಾಟಿ ಬಂದರೆ ಕಿವಿಗೆ ಹತ್ತಿ ತುರುಕಿಕೊಂಡು ಕೂರಲೇ?

ಆ ಶುಕ್ರವಾರಗಳ ಕೊನೆಯಲ್ಲಿ, ಕಡೆಯ ಕೇಕು ಬೇಯುವ ಹೊತ್ತಿಗೆ, ಗೋಡೆಯಾಚೆ ಓವನ್ ಬಾಗಿಲು ದಡಾರ್ ಎನ್ನುತ್ತಿತ್ತು. ನನ್ನ ಕಪಾಟಿನ ಬಟ್ಟಲುಗಳು ಅಲುಗುವಷ್ಟು. ಗಂಡ ವಿಲ್ಫ್ ಏನೋ ಅಂದಿರಬೇಕು, ಸಿಟ್ಟು ಬಾಗಿಲ ಮೇಲೆ ತೀರಿತು ಎಂದು ನಾನು ನಗುತ್ತಿದ್ದೆ. ವಿಲ್ಫ್ ಅನ್ನುವವನೇ. ನಲವತ್ತು ವರ್ಷ ಬ್ರ್ಯಾಡ್‌ಫರ್ಡ್ ಬಸ್ ಓಡಿಸಿ, ಪ್ರಯಾಣಿಕರ ಮುಂದೆ ನುಂಗಿದ ಮಾತನ್ನೆಲ್ಲ ಮನೆಯಲ್ಲಿ ಕಕ್ಕುತ್ತಿದ್ದ. ಮೇಲೆದ್ದ ಕೇಕುಗಳೆಲ್ಲ ಕಾಗದ ಸುತ್ತಿಕೊಂಡು ಸಭಾಂಗಣಕ್ಕೆ ಹೊರಡುವುದು, ನಡು ಕುಸಿದದ್ದೊಂದು ಮನೆಯಲ್ಲಿ ಉಳಿಯುವುದು. ಅದು ವಿಲ್ಫ್‌ನ ಪಾಲು.

"ಉಬ್ಬಿದ್ದು ಊರಿಗೆ, ಕುಸಿದದ್ದು ಗಂಡನಿಗೆ," ಎಂದು ಅವನು ಬೀದಿಗೆಲ್ಲ ಸಾರುತ್ತಿದ್ದ. ಈನಿಡ್ ನಗುತ್ತಿದ್ದಳೇ ಹೊರತು ಉತ್ತರ ಕೊಟ್ಟವಳಲ್ಲ. ಅವನೋ, ಒಂದು ಚೂರೂ ಬಿಡದೆ ತಿಂದು ಮುಗಿಸಿ, ಓವನ್ ಬಾಗಿಲಿನ ತಿರುಪು ಮತ್ತೆ ಸಡಿಲವಾಗಿದೆಯೆಂದು ಗೊಣಗುತ್ತ ಸ್ಕ್ರೂಡ್ರೈವರ್ ಹುಡುಕುತ್ತಿದ್ದ. ವರ್ಷ ವರ್ಷವೂ ಅದೇ ತಿರುಪು, ಅದೇ ಗೊಣಗಾಟ. ಆಗ ನಾವೆಲ್ಲ ಎಷ್ಟು ಸುಖವಾಗಿದ್ದೆವು ಎಂದು ಈಗ ಅನ್ನಿಸುತ್ತದೆ.

ಆಮೇಲೆ ಈನಿಡ್‌ಗೂ ಅದೇ ರೋಗ ಬಂತು. ಹೋದ ವರ್ಷ ಬೇಸಿಗೆಯಲ್ಲಿ ತೀರಿಕೊಂಡಳು. ಆ ಅಕ್ಟೋಬರಿನಲ್ಲಿ ಕಿಟಕಿ ತೆರೆಯಲಿಲ್ಲ.

ಈ ವರ್ಷ ಸೆಪ್ಟೆಂಬರಿನ ಒಂದು ಭಾನುವಾರ, ಮಧ್ಯಾಹ್ನದ ಊಟಕ್ಕೆ ಎಂದಿನಂತೆ ಅವರಲ್ಲಿಗೆ ಹೋಗಿದ್ದೆ. ಮಗಳು ಲೊರೇನ್, ಶಾಲೆಯ ಅಡುಗೆಮನೆಯಲ್ಲಿ ಕೆಲಸ, ಗಂಡನನ್ನು ಬಿಟ್ಟ ಮೇಲೆ ತವರಿನಲ್ಲೇ ಇದ್ದಾಳೆ. ಅವಳ ಮಗಳು ಟೆಸ್ಸಾ ಹೂಗಿಡ ಮಾರುವಲ್ಲಿ ಕೆಲಸ ಮಾಡುವ ಹುಡುಗಿ, ಉಗುರಿನಲ್ಲಿ ಸದಾ ಮಣ್ಣು. ಹುರಿದ ದನದ ಮಾಂಸ, ಹಿಟ್ಟು, ಮೊಟ್ಟೆ ಕಲಸಿ ಬುಸ್ಸನೆ ಉಬ್ಬಿಸಿದ ಯಾರ್ಕ್‌ಷೈರ್ ಪುಡ್ಡಿಂಗ್, ಅದರ ಗುಂಡಿಯ ತುಂಬ ಗ್ರೇವಿ. ವಿಲ್ಫ್ ಎರಡನೆಯದಕ್ಕೆ ಕೈ ಹಾಕಿದ್ದೇ ತಡ, ಲೊರೇನ್ ಬಾಯಿಬಿಟ್ಟಳು.

"ಅಪ್ಪ, ಈ ಸಲ ಕಾಫಿ ಕೂಟ ಮಾಡೋಣ ಅಂತಿದೀನಿ."

"ಮಾಡು. ಸಭಾಂಗಣದಲ್ಲಿ ಮಾಡು, ಬೀದೀಲಿ ಮಾಡು. ಈ ಮನೆ ಓವನ್ ಮಾತ್ರ ಅವರಿಗೋಸ್ಕರ ಹಚ್ಚೋ ಹಾಗಿಲ್ಲ."

"ಅವರು ಅಂದ್ರೆ ಯಾರು? ಅಮ್ಮ ಕಟ್ಟಿದ ನಿಧಿಯ ಶಾಖೆ ಅದು."

"ಅದಕ್ಕೇ ಹೇಳಿದ್ದು. ಮೂವತ್ತು ವರ್ಷ ಕೊಟ್ಟಳು. ಅವರ ಕೈಲಿ ಅವಳಿಗೆ ಒಂದು ವರ್ಷ ಕೊಡೋಕಾಯ್ತಾ? ಹೇಳು ನೋಡೋಣ."

ಲೊರೇನ್ ಚಮಚ ಕೆಳಗಿಟ್ಟಳು. "ಈ ವರ್ಷನೂ ಮಾಡದಿದ್ರೆ ಶಾಖೆ ಮುಚ್ಚಿಬಿಡ್ತಾರಂತೆ. ನಿಧಿಯ ಲೀಡ್ಸ್ ಕಚೇರಿಯಿಂದ ಹೇಳಿಕಳಿಸಿದಾರೆ."

"ಮುಚ್ಚಲಿ. ಬಾಗಿಲು ಹಾಕೋಕೆ ಬೇಕಾದ್ರೆ ನಾನೂ ಬರ್ತೀನಿ."

"ಅಜ್ಜ, ಗ್ರೇವಿ ಆರ್ತಿದೆ," ಎಂದಳು ಟೆಸ್ಸಾ.

"ನೀನು ಸುಮ್ನಿರೇ. ಹಿಲ್ಡಾ, ನೀನಾದ್ರೂ ಬುದ್ಧಿ ಹೇಳು ಇವಳಿಗೆ."

"ಬುದ್ಧಿ ಬೇಕಾಗಿರೋದು ಯಾರಿಗೆ ಅಂತ ನೋಡ್ತಾ ಇದೀನಿ," ಎಂದೆ. ಅವತ್ತು ಸೇಬಿನ ಹಲ್ವದಂಥ ಸಿಹಿ ಮಾಡಿದ್ದರು, ಯಾರೂ ಮುಟ್ಟಲಿಲ್ಲ. ನಾನು ಬಟ್ಟಲಲ್ಲಿ ಹಾಕಿಸಿಕೊಂಡು ಬಂದೆ.

ಮುಂದಿನ ಎರಡು ವಾರ ಆ ಮನೆಯಲ್ಲಿ ಮಾತಿಗಿಂತ ಪಾತ್ರೆಯ ಸದ್ದೇ ಹೆಚ್ಚು. ಲೊರೇನ್ ನನ್ನ ಓವನ್‌ನಲ್ಲಿ ಒಂದು ಪ್ರಯತ್ನ ಮಾಡಿದಳು. ನನ್ನದು ಹಿಂಬದಿ ಸುಡುತ್ತದೆ, ಮುಂದೆ ಬೇಯುವುದಿಲ್ಲ. 'ಹಿಲ್ಡಾ ಹಾಗೇ' ಎಂದು ವಿಲ್ಫ್ ಅನ್ನುವುದುಂಟು. ಕೇಕು ಒಂದು ಪಕ್ಕ ಇದ್ದಿಲು, ಇನ್ನೊಂದು ಪಕ್ಕ ಗಂಜಿ. ವಿಲ್ಫ್ ದಿನವೂ ಬೆಳಿಗ್ಗೆ ಹಂದಿಮಾಂಸ ತುಂಬಿದ ಪೋರ್ಕ್ ಪೈ ಒಂದನ್ನು ಜೇಬಿಗೆ ಹಾಕಿಕೊಂಡು ರೈಲು ಹಳಿಯ ಪಕ್ಕದ ತನ್ನ ಬಾಡಿಗೆ ತೋಟಕ್ಕೆ ಹೋಗುವನು. ಈರುಳ್ಳಿ ಜಾತಿಯ ಲೀಕ್ ಗಿಡಗಳ ಜತೆ ಮಾತಾಡಿಕೊಂಡು ಸಂಜೆಗೆ ಬರುವನು. ಲೊರೇನ್ ಅವನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟು ತನ್ನ ಕೋಣೆಗೆ ಹೋಗುವಳು.

"ಉಪ್ಪು ಎಲ್ಲಿ ಅಂತ ನಿಮ್ಮಮ್ಮನ್ನ ಕೇಳು," ಎನ್ನುವನು ವಿಲ್ಫ್.

"ನಿಮ್ಮಜ್ಜನ ಮುಂದೇ ಇದೆ ಅನ್ನು," ಎನ್ನುವಳು ಮೆಟ್ಟಿಲ ಮೇಲಿಂದ ಲೊರೇನ್.

"ನಾನೇನು ಪೋಸ್ಟಾಫೀಸಾ?" ಎಂದು ಟೆಸ್ಸಾ ಕೂಗಿದ್ದು ನನ್ನ ಮನೆಯಲ್ಲೇ ಕೂತು ಕೂಗಿದಷ್ಟು ಸ್ಪಷ್ಟವಾಗಿ ಕೇಳಿಸಿತು.

ಅಷ್ಟರಲ್ಲಿ ಡಾಕ್ಟರ್ ರೂತಾ ಬರುವ ದಿನ ಬಂತು. ಕಾಫಿ ಕೂಟಕ್ಕೆ ಮೊದಲು ಲೀಡ್ಸ್‌ನ ಪ್ರಯೋಗಾಲಯದಿಂದ ಯಾರಾದರೊಬ್ಬರು ಬಂದು, ನೀವು ಕೊಟ್ಟದ್ದು ಎಲ್ಲಿಗೆ ಹೋಯಿತು ಎಂದು ಶಾಖೆಯವರಿಗೆ ಹೇಳಿ, ಈನಿಡ್‌ಳ ಮನೆಯಲ್ಲಿ ಚಹಾ ಕುಡಿದು ಹೋಗುವುದು ಪದ್ಧತಿ. ಕೆಲವು ವರ್ಷಗಳಿಂದ ಈ ಹೆಂಗಸೇ ಬರುತ್ತಿದ್ದಳು. ಲಿಥುವೇನಿಯಾದ ಕಡೆಯವಳು, ಸಣ್ಣಗೆ ಎತ್ತರಕ್ಕೆ ಇದ್ದಾಳೆ, ಬಿಸ್ಕತ್ತನ್ನು ಚಹಾದಲ್ಲಿ ಅದ್ದಲು ನಮ್ಮಿಂದಲೇ ಕಲಿತದ್ದು. ಅವಳು ಬರುವ ಹೊತ್ತಿಗೆ ವಿಲ್ಫ್ ಯಾವಾಗಲೂ ತೋಟಕ್ಕೆ ಪರಾರಿ. ಈ ಸಲ ಮೊಣಕಾಲು ಊದಿಕೊಂಡಿತ್ತು, ಕುರ್ಚಿಯಲ್ಲೇ ಸಿಕ್ಕಿಬಿದ್ದ.

ಎರಡು ಬಟ್ಟಲು ಚಹಾ ಆಗುವವರೆಗೆ ತಡೆದ. ಮೂರನೆಯದಕ್ಕೆ ಕೇಳಿಯೇಬಿಟ್ಟ.

"ಡಾಕ್ಟ್ರೇ, ನನ್ನ ಹೆಂಡತಿ ಕೊಟ್ಟ ದುಡ್ಡಲ್ಲಿ ನೀವು ಏನು ಕಂಡುಹಿಡಿದ್ರಿ?"

"ಅಪ್ಪ!" ಎಂದಳು ಲೊರೇನ್.

"ಕೇಳ್ಲಿ ಬಿಡಿ," ಎಂದಳು ರೂತಾ. "ಕೇಳಬೇಕಾದ್ದೇ. ಬರೋ ದುಡ್ಡಲ್ಲಿ ಹೆಚ್ಚಿನದು ಸಂಬಳ, ಗಾಜಿನ ಸಾಮಾನು, ಜೀವಕೋಶ ಬೆಳೆಸೋಕೆ ಬೇಕಾದ ಆಹಾರ, ಇದಕ್ಕೇ ಹೋಗುತ್ತೆ. ನಾನು ಮೂರು ವರ್ಷ ಒಂದೇ ಔಷಧಿ ಹಿಂದೆ ಬಿದ್ದಿದ್ದೆ. ಅದು ಕೆಲಸ ಮಾಡ್ಲಿಲ್ಲ."

"ಕೆಲಸ ಮಾಡ್ಲಿಲ್ಲ."

"ಇಲ್ಲ."

"ಅಲ್ಲಿಗೆ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು."

"ಹಾಗಲ್ಲ. ಯಾಕೆ ಕೆಲಸ ಮಾಡ್ಲಿಲ್ಲ ಅಂತ ಬರೆದು ಎಲ್ಲರಿಗೂ ತಿಳಿಸಿದ್ವಿ. ಈಗ ಇನ್ನೊಂದು ಗುಂಪಿನವರು ಆ ದಾರಿ ಬಿಟ್ಟು ಪಕ್ಕದ ದಾರಿ ಹಿಡಿದಿದಾರೆ. ಅಲ್ಲೇನೋ ಕಾಣ್ತಾ ಇದೆ. ಈನಿಡ್‌ಗೆ ಅದು ಸಿಗಲಿಲ್ಲ, ನಿಜ. ನನಗೂ ಬೇಜಾರಿದೆ."

ರೂತಾ ಬಿಸ್ಕತ್ತು ಮುರಿದಳು. "ನಮ್ಮ ಲ್ಯಾಬಿನಲ್ಲಿ ನಿಮ್ಮ ಹೆಸರು ಎಲ್ಲರಿಗೂ ಗೊತ್ತು, ಮಿಸ್ಟರ್ ಆಕ್ರಾಯ್ಡ್."

"ನನ್ನ ಹೆಸರಾ?"

ಅದು ನಿಜ. ಸಂಶೋಧನೆಗೆ ನಿಧಿಯಿಂದ ಹಣ ಕೇಳಿ ಬಂದ ಅರ್ಜಿಗಳನ್ನು ವಿಜ್ಞಾನಿಗಳ ಜತೆ ಊರಿನ ಸಾಮಾನ್ಯ ಜನರೂ ಕೆಲವರು ಓದುತ್ತಾರೆ, ಈನಿಡ್ ಅದರಲ್ಲಿದ್ದಳು. ಅಡುಗೆಮನೆಯ ಮೇಜಿಗೆ ಕೂತು ಗಟ್ಟಿಯಾಗಿ ಓದುತ್ತಿದ್ದಳು. ಎದುರಿಗೆ ಕೂತ ವಿಲ್ಫ್ ಎರಡನೆಯ ಪುಟಕ್ಕೆ ಗೊರಕೆ. ಆಗ ಅಂಚಿನಲ್ಲಿ, 'ನನ್ನ ಗಂಡನಿಗೆ ನಿದ್ದೆ ಬಂತು, ಮತ್ತೆ ಬರೆಯಿರಿ' ಎಂದು ಗೀಚಿ ಕಳಿಸುವಳು.

"ಈಗಲೂ ನಾವು ಏನಾದ್ರೂ ಬರೆದ್ರೆ, ಇದು ವಿಲ್ಫ್‌ಗೆ ಅರ್ಥ ಆಗುತ್ತಾ ಅಂತ ಒಬ್ರನ್ನೊಬ್ರು ಕೇಳ್ಕೋತೀವಿ," ಎಂದಳು ರೂತಾ. "ಮತ್ತೆ ನಮ್ಮ ಪ್ರಯೋಗ ಕೈಕೊಟ್ಟಿತು ಅಂದಾಗೆಲ್ಲ ಈನಿಡ್ ಹೇಳೋರು, ಬೇಜಾರು ಮಾಡ್ಕೋಬೇಡಿ, ನಮ್ಮ ಮನೇಲಿ ಕುಸಿದ ಕೇಕಿಗೂ ಒಬ್ಬ ಗಿರಾಕಿ ಇದಾನೆ ಅಂತ. ಎಲ್ಲರೂ ನಗ್ತಿದ್ವಿ."

ಪ್ರೀತಿಯಿಂದಲೇ ಹೇಳಿದಳು, ಪಾಪ. ವಿಲ್ಫ್‌ನ ಮುಖ ಮಾತ್ರ ಬೀಟ್‌ರೂಟ್ ಆಯಿತು. ಅವಳು ರೈಲಿಗೆ ಹೊರಟ ಮೇಲೆ ಸಿಡಿದ.

"ಲೀಡ್ಸ್‌ವರೆಗೂ ನನ್ನನ್ನ ನಗೆಪಾಟಲು ಮಾಡಿದಾಳೆ! ನಿದ್ದೆ ಮಾಡೋ ಪೆದ್ದ ನಾನು. ಬಿಸಾಡೋದನ್ನ ತಿನ್ನೋ ಗಿರಾಕಿ ನಾನು!"

"ತಮಾಷೆಗೆ ಅಂದಿದ್ದು ಅಪ್ಪ."

"ಊರೋರಿಗೆಲ್ಲ ಒಳ್ಳೇದು, ಇವನಿಗೆ ಹೇಗಿದ್ರೂ ನಡೆಯುತ್ತೆ. ಇದೇ ತಾನೆ ಅವಳ ಲೆಕ್ಕ? ಶನಿವಾರ ಎಲ್ಲ ನಿಧಿಗೋಸ್ಕರ ಹಳೇ ಬಟ್ಟೆ ಮಾರೋ ಅಂಗಡಿ, ಅಲ್ಲಿ ಇಸ್ತ್ರಿ. ಮಂಗಳವಾರ ಮೀಟಿಂಗು. ಉಳಿದ ಚೂರುಪಾರು ನನಗೆ. ನಾನು ಎರಡನೆಯವನಾಗೇ ಬದುಕಿದೆ ಕಣೇ ಲೊರೇನ್."

ಅಷ್ಟು ದಿನ ಓವನ್ ಎಂದು, ನಿಧಿ ಎಂದು ಜಗಳವಾಡಿದ್ದೆಲ್ಲ ಈ ಒಂದು ಮಾತಿಗಾಗಿತ್ತು. ನನಗೆ ಅಯ್ಯೋ ಅನಿಸಿತು. ಹೆಂಡತಿ ಹೋದ ದುಃಖ ಒಂದಾದರೆ, ಅವಳು ಇದ್ದಾಗ ತನ್ನವಳಾಗಿದ್ದಳೇ ಎಂಬ ಅನುಮಾನ ಇನ್ನೊಂದು. ಅದು ಒಬ್ಬ ಮುದುಕನಿಗೆ ಹೆಚ್ಚಿನ ಹೊರೆ.

ಲೊರೇನ್ ಈಗ ಮೆತ್ತಗಾದಳು. "ಆಸ್ಪತ್ರೇಲಿ ಅಮ್ಮ ನನ್ನ ಕೈ ಹಿಡ್ಕೊಂಡು, ಅಕ್ಟೋಬರ್ ನಿಲ್ಲಿಸ್ಬೇಡ ಅಂದ್ಳು ಅಪ್ಪ. ನಾನು ಹೂಂ ಅಂದಿದೀನಿ. ಹೋದ ವರ್ಷ ಆಗ್ಲಿಲ್ಲ. ಏನು ಮಾಡ್ಲಿ ಹೇಳು?"

ವಿಲ್ಫ್ ಕೋಲು ಊರಿಕೊಂಡು ಎದ್ದ. "ಮಾಡ್ಕೋ. ಹಚ್ಕೋ ಓವನ್. ಶುಕ್ರವಾರ ನಾನು ಮನೇಲಿರಲ್ಲ. ನನಗೆ ಅಂತ ಒಂದು ಚೂರು ಎತ್ತಿಡಬೇಡ. ಬೇರೆಯವರಿಗೆ ಬೇಡದ್ದನ್ನ ತಿಂದಿದ್ದು ಸಾಕು ನನಗೆ."

ಕೂಟದ ಹಿಂದಿನ ದಿನ ಲೊರೇನ್ ಮಧ್ಯಾಹ್ನಕ್ಕೇ ಬರುವೆನೆಂದಿದ್ದಳು. ಶಾಲೆಯಲ್ಲಿ ಮೀನು ಬಡಿಸುವ ದಿನ, ಕೆಲಸ ಹೆಚ್ಚು, ಜತೆಯವಳು ಜ್ವರ ಬಂದು ಮಲಗಿದ್ದಳು, ಬಿಟ್ಟು ಬರಲಾಗಲಿಲ್ಲ. ರಜೆ ಹಾಕಿ ಮನೆಯಲ್ಲಿದ್ದ ಟೆಸ್ಸಾ ತಾನೇ ಶುರು ಮಾಡುವುದಾಗಿ ಫೋನಿನಲ್ಲಿ ಹೇಳಿದಳು. ಟೆಸ್ಸಾಳ ಕೇಕಿನ ಬಗ್ಗೆ ನಮ್ಮ ಬೀದಿಯಲ್ಲಿ ಜೋಕುಗಳಿವೆ. ಹುಟ್ಟಿದಹಬ್ಬಕ್ಕೆ ಅವಳು ಮಾಡಿದ ಕೇಕಿನ ನಡುವಿನ ಗುಂಡಿಗೆ ಹೂಕುಂಡವೆಂದೇ ಹೆಸರು. ಆದರೆ ಲೊರೇನ್‌ಗೆ ಬೇರೆ ದಾರಿ ಇರಲಿಲ್ಲ.

ನಾನು ಮನೆಯಲ್ಲಿ ಕೂತು ನಾಳೆಯ ಬಟ್ಟಲುಗಳನ್ನು ಒರೆಸುತ್ತಿದ್ದೆ. ವಾಸನೆ ಬಂತು. ಶುಂಠಿ, ಪಾಕ, ದಾಲ್ಚಿನ್ನಿ. ಕೈ ನಿಂತುಹೋಯಿತು. ಗೋಡೆಯಾಚೆ ಈನಿಡ್‌ಳೇ ತೋಳು ಮಡಿಸಿ ನಿಂತಿದ್ದಾಳೆ, ಈಗ ಗೋಡೆ ತಟ್ಟಿ, 'ಹಿಲ್ಡಾ, ಮೊಟ್ಟೆ ಇದೆಯೇನೇ?' ಎನ್ನುತ್ತಾಳೆ ಎನ್ನುವಷ್ಟು ಹತ್ತಿರ. ನಾನು ಒರೆಸುವ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡೆ.

ಆಗ ದಡಾರ್!

ಬಟ್ಟಲುಗಳು ಕುಣಿದವು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ದಡಾರ್. ಮತ್ತೂ ಒಮ್ಮೆ. ಏನು ಅನಾಹುತವೋ ಎಂದು ಏಪ್ರನ್‌ನಲ್ಲೇ ಓಡಿದೆ.

ಮೇಜಿನ ತುಂಬ ಕೇಕು. ಒಂದಾದರೂ ನೆಟ್ಟಗಿರಲಿಲ್ಲ. ಎಲ್ಲದರ ನಡುವೆ ಹಳ್ಳ, ಹಳ್ಳದಲ್ಲಿ ಕಪ್ಪಗೆ ಅಂಟು ಮಿರುಗುತ್ತಿತ್ತು. ಟೆಸ್ಸಾ ಮೂಗಿನ ಮೇಲೆ ಹಿಟ್ಟು ಮೆತ್ತಿಕೊಂಡು ಅವುಗಳನ್ನೇ ನೋಡುತ್ತಿದ್ದಳು.

"ಹಿಲ್ಡಾ ಆಂಟಿ, ಅಜ್ಜಿ ಮಾಡೋ ಹಾಗೇ ಮಾಡ್ದೆ, ಒಂದು ಗುಲಗಂಜಿ ಹೆಚ್ಚುಕಮ್ಮಿ ಇಲ್ಲ..."

ಅಷ್ಟರಲ್ಲಿ ಲೊರೇನ್ ಬಂದಳು. ಕೈಚೀಲ ಅಲ್ಲೇ ಬಿತ್ತು.

"ಅಯ್ಯೋ ದೇವರೇ. ಏನೇ ಇದು? ನಾಳೆ ಇದನ್ನ ಯಾರ ಮುಂದೆ ಇಡ್ಲಿ? ಬೇಕಿಂಗ್ ಪೌಡರ್ ಹಾಕಿದ್ಯಾ ಇಲ್ವಾ?"

"ಹಾಕಿದೀನಿ!"

"ಹಾಗಾದ್ರೆ ಓವನ್ ಬಾಗಿಲು ತೆಗೆದಿರ್ಬೇಕು ನೀನು."

"ತೆಗೆಯದೆ ಹೇಗಮ್ಮಾ? ತೆಗೆದು ಜೋರಾಗಿ ಬಡಿದು ಮುಚ್ಚಬೇಕಲ್ಲ."

ಲೊರೇನ್ ಬಾಯಿ ಬಿಟ್ಟುಕೊಂಡು ನಿಂತಳು. "ಬಡಿದು ಮುಚ್ಚೋದಾ? ಅರ್ಧ ಬೆಂದ ಕೇಕಿಗೆ? ಯಾವ ಮೂರ್ಖ ಹೇಳಿಕೊಟ್ರು ನಿನಗೆ?"

"ಅಜ್ಜಿ!" ಹುಡುಗಿಗೆ ಅಳು ಬಂತು. "ಸಣ್ಣೋಳಿದ್ದಾಗ ಕೊನೇ ಕೇಕು ನನ್ನ ಕೈಲೇ ಮಾಡಿಸ್ತಿದ್ರು. ಉಬ್ಬಿ ಮೇಲೆ ಬಂದ ಕೂಡಲೇ, ಪುಟ್ಟಿ, ಈಗ ತೆಗೆದು ಬಡಿ, ಇನ್ನೂ ಜೋರಾಗಿ ಬಡಿ ಅಂತಿದ್ರು. ಇದು ಅಜ್ಜಂದು, ಅಜ್ಜಂಗೆ ನಡು ಅಂಟಂಟಾಗಿರ್ಬೇಕು ಅಂತಿದ್ರು. ಕೇಕು ಮಾಡೋದೇ ಹಾಗೆ ಅಂದ್ಕೊಂಡೆ ನಾನು. ಬೇರೇದನ್ನ ನನಗೆ ಮುಟ್ಟೋಕೆ ಬಿಟ್ಟಿದ್ರೆ ತಾನೆ ಗೊತ್ತಾಗೋದು!"

ಹಿಂಬಾಗಿಲಲ್ಲಿ ಏನೋ ಬಿದ್ದ ಸದ್ದು. ತಿರುಗಿ ನೋಡಿದರೆ ವಿಲ್ಫ್. ಕಂಕುಳಲ್ಲಿದ್ದ ಲೀಕ್ ಗಿಡಗಳು ಹೊಸ್ತಿಲ ಮೇಲೆ ಚೆಲ್ಲಿದ್ದವು. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಇನ್ನೊಂದ್ಸಲ ಹೇಳು ಪುಟ್ಟಿ," ಎಂದ.

"ಏನು ಅಜ್ಜ?"

"ನಿಮ್ಮಜ್ಜಿ ಏನಂದ್ಲು ಅಂತ."

ಟೆಸ್ಸಾ ಮೂಗೆಳೆದುಕೊಂಡು ಮತ್ತೆ ಹೇಳಿದಳು. ವಿಲ್ಫ್ ಕೋಲು ಊರುತ್ತ ಬಂದು ಓವನ್ ಮುಂದೆ ನಿಂತ. ಬಾಗಿಲಿನ ತಿರುಪನ್ನು ಹೆಬ್ಬೆರಳಿನಿಂದ ಮುಟ್ಟಿದ. ಅದು ಸಡಿಲವಾಗಿ ಅಲ್ಲಾಡುತ್ತಿತ್ತು.

"ವರ್ಷ ವರ್ಷ ಬಿಗಿ ಮಾಡ್ತಿದ್ದೆ," ಎಂದ. "ಹಾಳು ಕಂಪನಿ, ಬಾಗಿಲು ಕೂಡಿಸೋಕೆ ಬರಲ್ಲ ಅಂತ ಬೈತಿದ್ದೆ. ಅವಳು ಪಕ್ಕದಲ್ಲೇ ಟಾರ್ಚು ಹಿಡ್ಕೊಂಡು ನಿಂತಿರ್ತಿದ್ಲು. ಒಂದು ಮಾತು ಆಡಿದವಳಲ್ಲ."

ಕುರ್ಚಿ ಎಳೆದು ಕೂತ.

"ಶಿಪ್ಲಿಯಲ್ಲಿ ಒಂದು ಬಾಡಿಗೆ ಕೋಣೆ ಇತ್ತು, ಮದುವೆ ಆದ ಹೊಸದರಲ್ಲಿ," ಎಂದ ನಿಧಾನವಾಗಿ. "ಅವಳು ಮಾಡಿದ ಮೊದಲನೇ ಕೇಕು. ಮಧ್ಯ ಗ್ಯಾಸ್ ನಿಂತೋಯ್ತು, ಹೀಗೇ ಕುಸಿದಿತ್ತು. ಅತ್ಲು. ನಾನು ನಡು ಭಾಗ ಚಮಚದಲ್ಲಿ ತೋಡಿ ತಿಂದು, ಇದಕ್ಕಿಂತ ರುಚಿಯಾದ್ದು ತಿಂದೇ ಇಲ್ಲ ಕಣೇ, ನನಗೆ ಯಾವತ್ತೂ ಹೀಗೇ ಮಾಡ್ಕೊಡು ಅಂದಿದ್ದೆ. ಸಮಾಧಾನಕ್ಕೆ ಅಂದಿದ್ದಲ್ಲ, ನಿಜಕ್ಕೂ ರುಚಿಯಾಗಿತ್ತು. ನಾನು ಮರೆತೇಬಿಟ್ಟೆ. ಅವಳು..."

ಲೊರೇನ್ ಅವನ ಹಿಂದೆ ಹೋಗಿ ಹೆಗಲ ಮೇಲೆ ಕೈಯಿಟ್ಟಳು. ಅವನು ಆ ಕೈ ಮೇಲೆ ತನ್ನ ಮಣ್ಣು ಮೆತ್ತಿದ ಕೈ ಇಟ್ಟ. ಗೋಡೆಗೆ ಗೋಡೆ ತಾಗಿಸಿ ಬದುಕಿದ ನನಗೂ ಈನಿಡ್ ಇದನ್ನು ಹೇಳಿರಲಿಲ್ಲ. ಅವಳ ಸಿಟ್ಟೆಂದು ನಾನು ವರ್ಷಗಟ್ಟಲೆ ನಕ್ಕದ್ದು ಈ ಸದ್ದಿಗೆ.

ಕೊನೆಗೆ ವಿಲ್ಫ್ ಮೂಗು ಒರೆಸಿಕೊಂಡು ಎದ್ದ. "ಏನು ಕಂಬದ ಹಾಗೆ ನಿಂತಿದೀರಾ? ನಾಳೆ ಜನ ಬರಲ್ವಾ? ಲೊರೇನ್, ಹಿಟ್ಟು ಕಲಸು. ಹಿಲ್ಡಾ, ಮೊಟ್ಟೆ ಇದ್ರೆ ತಾ. ನಾನು ಇಲ್ಲೇ ಕೂತಿರ್ತೀನಿ. ಈ ಬಾಗಿಲಿಗೆ ಯಾರಾದ್ರೂ ಕೈ ಹಾಕಿದ್ರೆ ಬೆರಳು ಮುರೀತೀನಿ."

"ಇವನ್ನೆಲ್ಲ ಏನು ಮಾಡೋದು ಅಜ್ಜ?" ಟೆಸ್ಸಾ ಕುಸಿದವುಗಳನ್ನು ತೋರಿಸಿದಳು.

"ಅವನ್ನ ಮುಟ್ಟಬೇಡ. ಅವು ಮಾರೋಕಿರೋದಲ್ಲ."

ಬಸ್ಸಿನ ಚಕ್ರದ ಹಿಂದೆ ಕೂತವನಂತೆ ಓವನ್ ಎದುರು ನೆಟ್ಟಗೆ ಕೂತ. ಬಾಗಿಲು ಅವನು ಹೇಳಿದಾಗ ತೆರೆಯಿತು, ಅವನು ಹೇಳಿದಾಗ ಮುಚ್ಚಿತು. ಸಂಜೆಯ ಊಟಕ್ಕೆ ಪೇಟೆಯಿಂದ ಮೀನು, ಚಿಪ್ಸ್ ತರಿಸಿ ಕಾಗದದ ಮೇಲೇ ತಿಂದೆವು. ಉಪ್ಪು ಎಲ್ಲಿ ಎಂದು ವಿಲ್ಫ್ ಮಗಳನ್ನೇ ಕೇಳಿದ.

ಶನಿವಾರ ಅವನು ಕೋಟು ಹಾಕಿಕೊಂಡು ಸಭಾಂಗಣಕ್ಕೆ ಬಂದ. ಅಷ್ಟು ವರ್ಷದಲ್ಲಿ ಮೊದಲ ಸಲ. ಜನ ಹಿಂದಿನಷ್ಟಿರಲಿಲ್ಲ, ಹಳಬರಲ್ಲಿ ಎಷ್ಟೋ ಮಂದಿ ಈಗಿಲ್ಲ, ಆದರೂ ಕುರ್ಚಿಗಳು ತುಂಬಿದವು. ಈನಿಡ್‌ಳ ಕಂದು ಚಹಾಪಾತ್ರೆ ಮೇಜಿನ ಮಧ್ಯೆ ಇತ್ತು. ಲೊರೇನ್ ಮೇಲೆದ್ದ ಕೇಕಿನ ತುಂಡೊಂದನ್ನು ತಟ್ಟೆಯಲ್ಲಿಟ್ಟು ಕೊಟ್ಟಳು. ಅವನು ಡಬ್ಬಿಗೆ ನೋಟು ತುರುಕಿ, ತುಂಡನ್ನು ಬಾಯಿಗಿಟ್ಟು, ಬಹಳ ಹೊತ್ತು ಅಗಿದ.

"ಹೇಗಿದೆ?" ಎಂದೆ.

"ಇದನ್ನಾ ಊರೋರು ಇಷ್ಟು ವರ್ಷ ದುಡ್ಡು ಕೊಟ್ಟು ತಿಂದಿದ್ದು?" ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದ. "ಒಣಕಲು ಕಣೇ ಹಿಲ್ಡಾ. ಪಾಪ, ಯಾರಿಗೂ ಗೊತ್ತೇ ಇಲ್ಲ."

ಶಾಖೆ ಉಳಿಯಿತು. ರೂತಾಗೆ ಲೊರೇನ್ ಒಂದು ಕೇಕು ಕಳಿಸಿದಳು. ಕುಸಿದದ್ದನ್ನೇ ಕಳಿಸು, ಲ್ಯಾಬಿನವರು ಗಿರಾಕಿಯ ರುಚಿ ನೋಡಲಿ ಎಂದು ವಿಲ್ಫ್ ಹಟ ಹಿಡಿದನಂತೆ.

ನವೆಂಬರಿನಲ್ಲಿ ಒಂದು ಶುಕ್ರವಾರ ನಾನು ಅಡುಗೆಮನೆಯಲ್ಲಿ ಬಟಾಣಿ ನೆನೆಹಾಕುತ್ತಿದ್ದೆ. ಕೂಟವಿಲ್ಲ, ಹಬ್ಬವಿಲ್ಲ, ಆದರೂ ಶುಂಠಿ ವಾಸನೆ ಬಂತು. ಪಾತ್ರೆ ಪಕ್ಕಕ್ಕಿಟ್ಟು, ಗೋಡೆಗೆ ಬೆನ್ನು ಕೊಟ್ಟು ಕಾದೆ.

ದಡಾರ್ ಎಂದಿತು. ಬಟ್ಟಲುಗಳು ಅಲುಗಿದವು.

"ಇಷ್ಟೇನಾ?" ವಿಲ್ಫ್ ಕೂಗಿದ. "ನಿಮ್ಮಜ್ಜಿ ಇನ್ನೂ ಜೋರಾಗಿ ಬಡೀತಿದ್ಲು ಪುಟ್ಟಿ!"